ಜಾತ್ರೆಯ ಅಂಚಿನಲ್ಲಿ ಚೌಡಿಕೆ

ಬಳ್ಳಾರಿ, ವಿಜಯನಗರ, ಕೊಪ್ಪಳ, ಬೆಳಗಾವಿ ಸೀಮೆಯವರಿಗೆ ಚೌಡಿಕೆಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಮಂಗಳವಾರವೋ ಶುಕ್ರವಾರವೋ ಬೆಳಗಿನ ಹೊತ್ತು ಓಣಿಯ ತುದಿಯಲ್ಲಿ ಅದರ ದನಿ ಕೇಳಿತೆಂದರೆ ಸಾಕು, ಹೆಣ್ಣುಮಕ್ಕಳು ಮೊರದಲ್ಲಿ ಜೋಳವನ್ನೋ ಅಕ್ಕಿಯನ್ನೋ ಹಿಡಿದುಕೊಂಡು ಹೊಸ್ತಿಲಿಗೆ ಬರುತ್ತಾರೆ. ಬೇರೆ ಕಡೆಯ ಕೇಳುಗರಿಗಾಗಿ ನಾಲ್ಕು ಮಾತು ಹೇಳುತ್ತೇನೆ. ಮರದ್ದೊಂದು ದುಂಡನೆಯ ಕೊಳವೆ. ಅದರ ಒಂದು ಬಾಯಿಗೆ ಚರ್ಮ ಬಿಗಿದಿರುತ್ತದೆ, ಇನ್ನೊಂದು ಬಾಯಿ ಬಯಲು. ಚರ್ಮದ ನಡುಮಧ್ಯದಿಂದ ಒಂದು ತಂತಿ ಹೊರಟು ಎಡಗೈ ಹಿಡಿತಕ್ಕೆ ಬರುತ್ತದೆ. ವಾದ್ಯವನ್ನು ಎಡಗಂಕುಳಲ್ಲಿ ಅವುಚಿಕೊಂಡು, ಆ ತಂತಿಯನ್ನು ಎಡಗೈಯಿಂದ ಜಗ್ಗುತ್ತ ಸಡಿಲಿಸುತ್ತ, ಬಲಗೈಯ ಕಡ್ಡಿಯಿಂದ ಮೀಟುತ್ತಾರೆ. ಜಗ್ಗಿದರೆ ದನಿ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ತಾಳವನ್ನೂ ಸ್ವರವನ್ನೂ ಒಟ್ಟಿಗೇ ಹಿಡಿಯುವ ವಾದ್ಯ ಇದು. ಪಕ್ಕದಲ್ಲಿ ಒಬ್ಬರು ಒಂಟಿತಂತಿಯ ಶ್ರುತಿ ಹಿಡಿದಿರುತ್ತಾರೆ, ಇನ್ನೊಬ್ಬರ ಕೈಯಲ್ಲಿ ಕಂಚಿನ ತಾಳ. ಚೌಡಿಕೆ ಹಿಡಿದವರು ಸೊಲ್ಲು ಎತ್ತುತ್ತಾರೆ, ಉಳಿದವರು ಅದನ್ನು ಹಿಡಿದು ತಿರುಗಿ ಹಾಡುತ್ತಾರೆ. ಇಷ್ಟೇ ಮೇಳ.

ಈ ಮೇಳದ ನಡುವೆ ನಿಂತು ಬದುಕಿದ ಒಂದು ಬಗೆಯ ಕಲಾವಿದರ ವಿಚಾರವಾಗಿ ಇಂದು ಮಾತಾಡಬೇಕೆಂದಿದ್ದೇನೆ. ಗಂಡೆಂದು ಹುಟ್ಟಿ, ಹೆಣ್ಣಾಗಿ ಬಾಳಿ, ಯಲ್ಲಮ್ಮನ ಹೆಸರಿನಲ್ಲಿ ಹಾಡಿ ಕುಣಿದವರು ಇವರು. ಊರವರು ಇವರನ್ನು ಜೋಗಪ್ಪ ಎನ್ನುತ್ತಾರೆ. ಇವರಲ್ಲಿ ನಾನು ಬಲ್ಲವರು ತಮ್ಮನ್ನು ಜೋಗತಿ ಎಂದೇ ಕರೆದುಕೊಳ್ಳುತ್ತಾರೆ. ನಾನೂ ಹಾಗೇ ಕರೆಯುತ್ತೇನೆ. ಸರ್ಕಾರದ ಕಾಗದಪತ್ರಗಳಲ್ಲಿ ಇವರು ಲಿಂಗತ್ವ ಅಲ್ಪಸಂಖ್ಯಾತರು.

ಈ ಮಾತಿಗೆ ಬಾನುಲಿಯೇ ತಕ್ಕ ಜಾಗ ಎಂದು ನನ್ನ ನಂಬಿಕೆ. ಯಾಕೆಂದರೆ ಜೋಗತಿಯರನ್ನು ನಾವು ನೋಡಿದಷ್ಟು ಕೇಳಿಲ್ಲ. ಹಾದಿಯಲ್ಲಿ ಎದುರಾದರೆ ನಮ್ಮ ಕಣ್ಣು ಮೊದಲು ಸೀರೆಗೆ ಹೋಗುತ್ತದೆ, ಅಲ್ಲಿಂದ ಗದ್ದಕ್ಕೆ, ಅಲ್ಲಿಂದ ಕೈಬಳೆಗೆ. ಗಂಡೋ ಹೆಣ್ಣೋ ಎಂದು ಒಳಗೊಳಗೇ ತೂಗಿ ನೋಡುವಷ್ಟರಲ್ಲಿ ಹಾಡು ಮುಗಿದಿರುತ್ತದೆ. ಅವರು ಯಾವ ಸೊಲ್ಲು ಎತ್ತಿದರು, ಎಲ್ಲಿ ಉಸಿರು ಹಿಡಿದರು, ಚೌಡಿಕೆಯನ್ನು ಎಲ್ಲಿ ಜಗ್ಗಿದರು ಎಂದು ಕೇಳಿದರೆ ನಮ್ಮಲ್ಲಿ ಉತ್ತರವಿರುವುದಿಲ್ಲ. ಒಬ್ಬ ಕಲಾವಿದೆಗೆ ಇದಕ್ಕಿಂತ ದೊಡ್ಡ ನಷ್ಟ ಇನ್ನೇನಿದೆ?

ಅವರು ಹಾಡುವ ಕಥೆಯನ್ನು ಒಮ್ಮೆ ನೆನೆಯಿರಿ. ಜಮದಗ್ನಿಯ ಹೆಂಡತಿ ರೇಣುಕೆ ದಿನವೂ ಮಲಪ್ರಭೆಗೆ ಹೋಗಿ ಹಸಿ ಮರಳಿನಲ್ಲಿ ಕೊಡ ಮಾಡಿ, ಹಾವನ್ನು ಸಿಂಬಿ ಸುತ್ತಿ ತಲೆಗಿಟ್ಟು ನೀರು ತರುತ್ತಿದ್ದಳು. ಒಂದು ದಿನ ನೀರಾಟ ಆಡುತ್ತಿದ್ದವರನ್ನು ಕಂಡು ಅರೆಗಳಿಗೆ ಅವಳ ಮನಸ್ಸು ಅತ್ತ ಹೋಯಿತು. ಅವತ್ತು ಮರಳು ಕೊಡವಾಗಲಿಲ್ಲ, ಹಾವು ಸಿಂಬಿಯಾಗಲಿಲ್ಲ. ಗಂಡನ ಶಾಪಕ್ಕೆ ಮೈತುಂಬ ತೊನ್ನು ಹತ್ತಿ ಅವಳು ಕಾಡು ಸೇರಿದಳು. ಅಲ್ಲಿ ಎಕ್ಕಯ್ಯ, ಜೋಗಯ್ಯ ಎಂಬ ಇಬ್ಬರು ಅವಳನ್ನು ಕಾಪಾಡಿ ವಾಸಿಮಾಡಿದರು. ತಿರುಗಿ ಬಂದವಳ ತಲೆಯನ್ನು ತಂದೆಯ ಮಾತು ಮೀರದ ಮಗ ಪರಶುರಾಮ ಕಡಿದ. ಆಮೇಲೆ ಅವಳು ಊರೂರಿಗೆ ಯಲ್ಲಮ್ಮನಾದಳು. ಒಂದೊಂದು ಸೀಮೆಯಲ್ಲಿ ಈ ಕಥೆಗೆ ಒಂದೊಂದು ತಿರುವು ಇದೆ, ಒಬ್ಬೊಬ್ಬ ಜೋಗತಿ ಒಂದೊಂದು ಕಡೆ ಕಥೆಯನ್ನು ಹಿಗ್ಗಿಸುತ್ತಾರೆ. ನಾನು ಕೇಳಿದ ಮಟ್ಟಿಗೆ ಹೆಚ್ಚಿನವರು ಹಿಗ್ಗಿಸುವುದು ಕಾಡಿನ ಭಾಗವನ್ನು. ಮನೆಯಿಂದ ಹೊರಬಿದ್ದವಳ ಕಥೆಯನ್ನು ಮನೆಯಿಂದ ಹೊರಬಿದ್ದವರೇ ಹಾಡುತ್ತಿರುತ್ತಾರೆ.

ಕುಣಿತವೂ ಈ ಕಥೆಯೊಳಗಿನದೇ. ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಕೊಡ, ಕೊಡಕ್ಕೆ ಅಮ್ಮನ ಮುಖ, ಬೇವಿನ ಸೊಪ್ಪು, ನವಿಲುಗರಿ. ಕೈ ಮುಟ್ಟಿಸುವಂತಿಲ್ಲ. ಚೌಡಿಕೆಯ ನಡೆ ಏರಿದಂತೆ ಹೆಜ್ಜೆಯೂ ಏರುತ್ತದೆ, ಸೊಂಟದಿಂದ ಕೆಳಗೆಲ್ಲ ಓಡುತ್ತಿರುತ್ತದೆ, ಕತ್ತಿನಿಂದ ಮೇಲೆ ಅಲುಗಾಟವಿಲ್ಲ. ನೋಡುವವರು ನೆಲದ ಮೇಲೆ ನೋಟು ಇಡುತ್ತಾರೆ. ಕೊಡ ಹೊತ್ತವರು ನಿಧಾನವಾಗಿ ಮಂಡಿ ಬಾಗಿಸಿ, ಮೈ ಪಕ್ಕಕ್ಕೆ ಒರಗಿಸಿ, ಆ ನೋಟನ್ನು ಬಾಯಲ್ಲಿ ಕಚ್ಚಿ ಎತ್ತಿಕೊಳ್ಳುತ್ತಾರೆ. ಜನ ಚಪ್ಪಾಳೆ ತಟ್ಟುವುದು ಆಗ. ನನಗೆ ಅದಕ್ಕಿಂತ ಹೆಚ್ಚಿನದು ಅದರ ಹಿಂದಿನ ಗಳಿಗೆ. ಬಾಗುವ ಮುಂಚೆ ಅವರು ಪಾದವನ್ನು ಒಮ್ಮೆ ನೆಲದಲ್ಲಿ ಆಚೀಚೆ ಹೊರಳಿಸಿ ನೆಲೆ ನೋಡಿಕೊಳ್ಳುತ್ತಾರೆ. ವರ್ಷಗಟ್ಟಲೆ ಕಲಿತವರ ಕಾಲಷ್ಟೇ ಹಾಗೆ ನೆಲವನ್ನು ಕೇಳಿ ತಿಳಿಯಬಲ್ಲದು.

ಮಂಜಮ್ಮ ಜೋಗತಿ ಅವರ ಹೆಸರು ನಿಮಗೆಲ್ಲ ಗೊತ್ತಿದೆ. ಬಳ್ಳಾರಿ ಜಿಲ್ಲೆಯ ಕಲ್ಲುಕಂಬದವರು, ಹುಟ್ಟಿದಾಗಿನ ಹೆಸರು ಮಂಜುನಾಥ ಶೆಟ್ಟಿ. ಹತ್ತನೆಯ ತರಗತಿಯವರೆಗೆ ಓದಿದವರು. 1975ರಲ್ಲಿ ಹುಲಿಗಿಯಲ್ಲಿ ಅವರಿಗೆ ಮುತ್ತು ಕಟ್ಟಿಸಿದರು, ಅಂದರೆ ಕೊರಳಿಗೆ ಮುತ್ತಿನ ಸರ ಕಟ್ಟಿಸಿ ದೇವಿಗೆ ಅರ್ಪಿಸಿದರು. ಮನೆಯಲ್ಲಿ ಇರಲಾಗದೆ, ಹೊರಗೆ ಆಸರೆಯಿಲ್ಲದೆ, ಸಾವಿನ ಬಾಗಿಲಿಗೂ ಹೋಗಿ ಬಂದರು. ಇಡ್ಲಿ ಮಾರಿದರು, ಮಕ್ಕಳಿಗೆ ಪಾಠ ಹೇಳಿದರು. ದಾವಣಗೆರೆಯ ಬಸ್ ನಿಲ್ದಾಣದ ಬಳಿ ತಂದೆಯೊಬ್ಬರು ಹಾಡುತ್ತ, ಮಗ ತಲೆಯ ಮೇಲೆ ಕೊಡ ಹೊತ್ತು ಕುಣಿಯುತ್ತಿದ್ದುದನ್ನು ಕಂಡು ಅವರಲ್ಲಿಯೇ ಕುಣಿತ ಕಲಿತರು. ಮುಂದೆ ಕಾಳವ್ವ ಜೋಗತಿ ಅವರ ಮೇಳ ಸೇರಿ ಹಾಡು, ಕುಣಿತ, ಆಟ ಎಲ್ಲವನ್ನೂ ಮೈಗೂಡಿಸಿಕೊಂಡರು. 2010ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂತು, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ.

ರಾಷ್ಟ್ರಪತಿ ಭವನದಲ್ಲಿ ಅವರು ಪ್ರಶಸ್ತಿ ಪಡೆಯುವ ಮುನ್ನ ಸೆರಗು ಹಿಡಿದು ರಾಷ್ಟ್ರಪತಿಗಳಿಗೆ ದೃಷ್ಟಿ ತೆಗೆದದ್ದನ್ನು ಇಡೀ ದೇಶ ನೋಡಿತು. ನಾನೂ ನೋಡಿ ಕಣ್ಣು ತುಂಬಿಕೊಂಡೆ. ಮನೆಮನೆಯ ಅಂಗಳದಲ್ಲಿ ಮಕ್ಕಳಿಗೆ ಮಾಡಿದ್ದನ್ನೇ ಅವರು ಅಲ್ಲಿಯೂ ಮಾಡಿದರು, ಜಾಗ ದೊಡ್ಡದೆಂದು ತಮ್ಮ ನಡೆ ಬದಲಿಸಲಿಲ್ಲ. ಆದರೆ ಆ ಕೆಲವು ಗಳಿಗೆಯ ಚಿತ್ರವನ್ನು ಎಷ್ಟು ಜನ ಒಬ್ಬರಿಗೊಬ್ಬರು ಕಳಿಸಿಕೊಂಡರೋ ಅವರಲ್ಲಿ ಮಂಜಮ್ಮನವರ ಒಂದು ಪದವನ್ನು ಪೂರ್ತಿ ಕೇಳಿದವರು ಎಷ್ಟಿದ್ದಾರು? 1975ಕ್ಕೂ 2010ಕ್ಕೂ ನಡುವೆ ಮೂವತ್ತೈದು ವರ್ಷ ಇದೆ. ಅವರು ಕಲಾವಿದೆಯಾದದ್ದು ಆ ಮೂವತ್ತೈದು ವರ್ಷಗಳಲ್ಲಿ. ದೀಪ ಬೀಳದ ಅಂಗಳಗಳಲ್ಲಿ, ಗುಡಿಯ ಹಿಂದಣ ಬಯಲುಗಳಲ್ಲಿ, ಟ್ರಾಕ್ಟರಿನ ಮೇಲೆ ಕಟ್ಟಿದ ರಂಗದಲ್ಲಿ. ಪ್ರಶಸ್ತಿ ಬಂದಾಗ ಕಲೆ ಆಗಲೇ ಸಿದ್ಧವಾಗಿತ್ತು. ಅವರ ಜತೆಯಲ್ಲೇ ಅದೇ ಕಲೆಯನ್ನು ಬೆಳೆಸಿದ, ಹೆಸರು ನಮಗೆ ತಿಳಿಯದ ಜೋಗತಿಯರು ಇನ್ನೂ ಅದೇ ಅಂಗಳಗಳಲ್ಲಿ ಇದ್ದಾರೆ.

ಇಲ್ಲಿ ನನ್ನನ್ನು ಬಹಳ ಕಾಲದಿಂದ ಕಾಡುತ್ತಿರುವ ಒಂದು ಮಾತು ಹೇಳಬೇಕು. ಗಂಡು ಹೆಣ್ಣಾಗಿ ಕುಣಿಯುವುದು ನಮ್ಮ ನಾಡಿಗೆ ಹೊಸದಲ್ಲ. ಯಕ್ಷಗಾನದ ಸ್ತ್ರೀವೇಷಕ್ಕೆ ನಾವು ರಾತ್ರಿಯಿಡೀ ನಿದ್ದೆಗೆಟ್ಟು ಕೂತಿದ್ದೇವೆ. ಮರಾಠಿ ರಂಗಭೂಮಿಯ ಬಾಲಗಂಧರ್ವರು ಉಟ್ಟ ಸೀರೆಯನ್ನು, ನಡೆದ ನಡಿಗೆಯನ್ನು ಮನೆಯ ಹೆಂಗಸರು ಕಲಿಯುತ್ತಿದ್ದರಂತೆ. ಅವರೆಲ್ಲ ದೊಡ್ಡ ಕಲಾವಿದರು, ಅವರ ಸಾಧನೆಗೆ ನಾನು ತಲೆಬಾಗುತ್ತೇನೆ. ಆದರೆ ಅಲ್ಲಿ ನಮ್ಮ ಮೆಚ್ಚುಗೆಗೆ ಒಂದು ಭರವಸೆ ಇತ್ತು. ಬೆಳಗಾದರೆ ಚೌಕಿಯಲ್ಲಿ ವೇಷ ಕಳಚುತ್ತದೆ, ಬಣ್ಣ ಒರೆಸಿಕೊಂಡು ಗಂಡಸು ಮನೆಗೆ ಹೋಗುತ್ತಾನೆ ಎಂಬ ಭರವಸೆ. ಜೋಗತಿ ಬೆಳಗಾದ ಮೇಲೆಯೂ ಅದೇ ಸೀರೆಯಲ್ಲಿ ಬಸ್ಸು ಹತ್ತುತ್ತಾರೆ. ಬಣ್ಣ ಒರೆಸಿದರೂ ಅವರು ಅವರೇ. ರಾತ್ರಿ ಚಪ್ಪಾಳೆ ತಟ್ಟಿದ ಕೈಗಳೇ ಬೆಳಗ್ಗೆ ಬಸ್ಸಿನಲ್ಲಿ ಪಕ್ಕದ ಸೀಟಿನ ಮೇಲೆ ಚೀಲ ಇಟ್ಟು ಅವರಿಗೆ ಕೂರಲು ಜಾಗ ಇಲ್ಲವೆನ್ನುತ್ತವೆ. ಕಲೆಯಲ್ಲಿ ಒಪ್ಪಿದ್ದನ್ನು ಬಾಳಿನಲ್ಲಿ ಒಪ್ಪಲು ನಮಗೆ ಇನ್ನೂ ಬಂದಿಲ್ಲ.

ಭಕ್ತಿಯಾದರೂ ಇದೆಯಲ್ಲ ಎನ್ನಬಹುದು. ಇದೆ, ನಿಜ. ಮೈಮೇಲೆ ಅಮ್ಮ ಬಂದಾಗ ಕಾಲಿಗೆ ಬೀಳುತ್ತಾರೆ, ದೇವಿಯ ಬುಟ್ಟಿಯಾದ ಪಡ್ಲಿಗೆಗೆ ಜೋಳ ಸುರಿಯುತ್ತಾರೆ, ಮಗುವನ್ನು ಮಡಿಲಿಗೆ ಹಾಕಿ ಹರಕೆ ಕೇಳುತ್ತಾರೆ. ಅದೇ ಜೋಗತಿ ಮಾರನೆಯ ದಿನ ಬಾಡಿಗೆಗೊಂದು ಕೋಣೆ ಕೇಳಿದರೆ ಸಿಗುವುದಿಲ್ಲ. ದೇವಿಯ ಜತೆ ಬಂದರೆ ಅಂಗಳ, ಒಬ್ಬರೇ ಬಂದರೆ ಮುಚ್ಚಿದ ಬಾಗಿಲು. ಈ ಭಕ್ತಿಯನ್ನು ನಾನು ಹೀಗಳೆಯುವುದಿಲ್ಲ, ಎಷ್ಟೋ ಜೀವಗಳನ್ನು ಅದು ಉಳಿಸಿದೆ. ಕಲಾವಿದೆಗೆ ಅದು ಸಾಲದು ಎಂದಷ್ಟೇ ಹೇಳುತ್ತಿದ್ದೇನೆ. ಹಾಡು ಚೆನ್ನಾಗಿತ್ತು ಎಂಬ ಮಾತನ್ನು ಅವರು ಅಪರೂಪಕ್ಕೆ ಕೇಳುತ್ತಾರೆ. ಎಲ್ಲವೂ ಅಮ್ಮನ ಮಹಿಮೆಯ ಲೆಕ್ಕಕ್ಕೆ ಹೋಗುತ್ತದೆ, ಕಲಿತವರ ಲೆಕ್ಕಕ್ಕೆ ಏನೂ ಉಳಿಯುವುದಿಲ್ಲ.

ಆ ಕಲಿಕೆ ಎಂಥದೆಂದು ಒಂದು ಸಂಜೆ ಹತ್ತಿರದಿಂದ ಕಂಡೆ. ಹಗರಿಬೊಮ್ಮನಹಳ್ಳಿ ಕಡೆಯ ಒಂದು ಹಳ್ಳಿ. ಮೇಳಕ್ಕೆ ಉಳಿಯಲು ಶಾಲೆಯ ಒಂದು ಕೋಣೆ ಕೊಟ್ಟಿದ್ದರು. ಮಳೆ ಹಿಡಿದಿತ್ತು. ಹಿರಿಯ ಜೋಗತಿಯೊಬ್ಬರು ಹೊರಗಿನ ಕಟ್ಟೆಯ ಮೇಲೆ ನಾಲ್ಕು ಪುಳ್ಳೆ ಉರಿಸಿ ಚೌಡಿಕೆಯ ಚರ್ಮವನ್ನು ಕಾಸುತ್ತ ಕೂತಿದ್ದರು. ಬೆಂಕಿಗೆ ಹತ್ತಿರ ಒಯ್ಯುವುದು, ಬೆರಳ ಗೆಣ್ಣಿನಿಂದ ತಟ್ಟುವುದು, ಕಿವಿಗೆ ಹಿಡಿಯುವುದು, ಮತ್ತೆ ಬೆಂಕಿಗೆ. ಚರ್ಮ ಹಳೆಯದು, ಅಂಚಿನಲ್ಲಿ ಸೀಳು ಬಿಟ್ಟಿತ್ತು.

“ಅಮ್ಮಾ, ಹೊಸಾ ಚರ್ಮ ಹಾಕಿಸಬಾರದೇನು?” ಎಂದೆ.

“ಹಾಕಸ್ತೀನವ್ವಾ. ಜಾತ್ರಿ ಮುಗೀಲಿ. ಈಗ ಹಾಕಿಸಿದ್ರ ಒಂದು ಮಳಿಗಾಲ ದಾಟೂತನಕ ದನಿ ಕೂಡೂದಿಲ್ಲ. ಇದು ಹರದ್ರೂ ನಾ ಹೇಳಿದಂಗ ಕೇಳ್ತೈತಿ.”

ರಾತ್ರಿ ಅವರು ಕಾಡಿನ ಭಾಗವನ್ನು ಹಾಡಿದರು. ಮೊದಲು ಎದೆಯಾಳದ, ತುಸು ಒರಟಾದ ದನಿ. ಕಥೆಯ ಹೆಣ್ಣು ಗಂಡನ ಮನೆಯ ಬಾಗಿಲು ದಾಟುವಾಗ ಅದು ಮೆಲ್ಲಗೆ ಮೇಲೇರಿತು. ಏರಿದ ದನಿ ತೆಳುವಾಗಲಿಲ್ಲ. ಅದರ ಹಿಂದೆ ಮೊದಲಿನ ದನಿಯ ಭಾರ ಹಾಗೇ ಉಳಿದಿತ್ತು. ಗಾಯಕರಲ್ಲಾಗಲಿ ಗಾಯಕಿಯರಲ್ಲಾಗಲಿ ನಾನು ಅಂಥ ದನಿ ಕೇಳಿಲ್ಲ. ಒಂದು ಕಡೆ ಅವರು ಪದವನ್ನು ನಡುವೆ ನಿಲ್ಲಿಸಿ, ಚೌಡಿಕೆಯ ತಂತಿಯನ್ನು ಜಗ್ಗಿ ಬಿಟ್ಟು ಅದರಿಂದಲೇ ಮುಂದಿನ ಮಾತು ಆಡಿಸಿದರು. ಬಿಕ್ಕಿದ ಹಾಗೆ ಅದು ಕೇಳಿತು. ಮುಂದೆ ಕೂತ ಮುದುಕಿಯರು ಸೆರಗಿನಿಂದ ಕಣ್ಣೊರೆಸಿಕೊಂಡರು. ಸಂಜೆ ಬೆಂಕಿಯ ಮುಂದೆ ಕೂತು ಚರ್ಮ ಹದ ಮಾಡಿದ್ದು ಈ ಒಂದು ಎಡೆಗಾಗಿ ಎಂದು ನನಗೆ ಆಗ ತಿಳಿಯಿತು. ಯಾವ ದೊಡ್ಡ ಸಭಾಂಗಣದ ಸಂಗೀತಗಾರರಿಗೂ ಕಡಿಮೆಯಿಲ್ಲದ ವಿವೇಕ ಅದು.

ಆ ರಾತ್ರಿಯ ಸಂಭಾವನೆಯ ಮಾತಿಗೆ ಬಂದರೆ, ಒಂದಿಷ್ಟು ಅಕ್ಕಿ, ಒಂದು ಸೀರೆ, ಮುಂದೆ ಹಾಸಿದ ಟವೆಲಿನ ಮೇಲೆ ಬಿದ್ದ ಚಿಲ್ಲರೆ. ಸರ್ಕಾರಿ ಉತ್ಸವಗಳಲ್ಲಿ ಇದಕ್ಕಿಂತ ಮೇಲು, ಆದರೆ ಅಲ್ಲಿನ ತೊಡಕು ಬೇರೆ. ಕರಪತ್ರದಲ್ಲಿ ಇರುವುದು ಜೋಗತಿಯ ಹೆಸರು, ಬ್ಯಾಂಕಿನ ಪುಸ್ತಕದಲ್ಲಿ ಇರುವುದು ಅಪ್ಪ ಇಟ್ಟ ಗಂಡಿನ ಹೆಸರು. ಎರಡೂ ಒಬ್ಬರದೇ ಎಂದು ತೋರಿಸಲು ಕಚೇರಿಯಿಂದ ಕಚೇರಿಗೆ ಅಲೆಯಬೇಕು. ತನ್ನ ಲಿಂಗ ಯಾವುದೆಂದು ಹೇಳಿಕೊಳ್ಳುವ ಹಕ್ಕು ಆಯಾ ವ್ಯಕ್ತಿಯದೇ ಎಂದು ಸುಪ್ರೀಂ ಕೋರ್ಟು 2014ರ ಏಪ್ರಿಲಿನಲ್ಲಿ ಹೇಳಿದೆ. 2019ರ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿಗಳು ಗುರುತಿನ ಪತ್ರ ಕೊಡುತ್ತಾರೆ. ಕಾಗದದ ಮೇಲೆ ದಾರಿ ಇದೆ. ಓದುಬರಹ ಕಡಿಮೆ ಇರುವ, ಊರಿಂದೂರಿಗೆ ತಿರುಗುವ, ಹುಟ್ಟಿದ ಊರಿನ ದಾಖಲೆ ತರಲು ಹುಟ್ಟಿದ ಮನೆಗೆ ಕಾಲಿಡಲಾರದ ಹಿರಿಯ ಕಲಾವಿದೆಗೆ ಆ ದಾರಿ ಬಲು ದೂರ. ಬಡ ಹಿರಿಯ ಕಲಾವಿದರಿಗೆ ಸರ್ಕಾರ ಕೊಡುವ ಮಾಸಾಶನಕ್ಕೂ ಕಲೆಯಲ್ಲಿ ಇಷ್ಟು ವರ್ಷ ದುಡಿದೆನೆಂಬ ಪುರಾವೆ ಬೇಕು. ಅಂಗಳದಲ್ಲಿ ಹಾಡಿದ್ದಕ್ಕೆ ಯಾರು ಪತ್ರ ಬರೆದುಕೊಟ್ಟಿದ್ದಾರೆ?

ಇನ್ನೊಂದು ಕಷ್ಟದ ಮಾತು ಇದೆ, ಅದನ್ನು ಬಿಟ್ಟು ಮುಂದೆ ಹೋಗಲಾರೆ. ದೇವದಾಸಿಯಾಗಿ ಅರ್ಪಿಸುವುದನ್ನು ನಮ್ಮ ರಾಜ್ಯದಲ್ಲಿ 1982ರ ಕಾಯ್ದೆ ನಿಷೇಧಿಸಿತು. ಬಡ ದಲಿತ ಮನೆಗಳ ಹೆಣ್ಣುಮಕ್ಕಳನ್ನು ದೇವಿಯ ಹೆಸರಿನಲ್ಲಿ ಉಳ್ಳವರ ಪಾಲು ಮಾಡಿದ ಪದ್ಧತಿ ಅದು. ನಿಲ್ಲಲೇಬೇಕಿತ್ತು, ನಿಲ್ಲಲೇಬೇಕು. ಈ ವಿಚಾರದಲ್ಲಿ ನನಗೆ ಎರಡು ಮನಸ್ಸಿಲ್ಲ. ಆದರೆ ಜೋಗತಿಯರು ಕಲಾವಿದರಾದದ್ದೂ ಅದೇ ಯಲ್ಲಮ್ಮನ ಗುಡ್ಡದ ನೆರಳಿನಲ್ಲಿ, ಅದೇ ಕೆಂಪು ಬಿಳಿ ಮುತ್ತಿನ ಸರದ ಮೂಲಕ. ಬೇರೆಲ್ಲಿಯೂ ಹೆಣ್ಣಾಗಿ ಬಾಳಲು ಬಿಡದ ಹುಡುಗನಿಗೆ ಸೀರೆ ಉಡುವ ಒಪ್ಪಿಗೆ ಆ ಸರದಿಂದ ಮಾತ್ರ ಸಿಗುತ್ತಿತ್ತು. ಈಗ ಮುತ್ತು ಕಟ್ಟುವುದು ಕದ್ದುಮುಚ್ಚಿ ನಡೆಯುತ್ತದೆ ಅಥವಾ ನಡೆಯುವುದಿಲ್ಲ. ಅದರ ಜತೆಗೇ ಹಾಡು ಕಲಿಯುವ ಹಾದಿಯೂ ಮುಚ್ಚಿಕೊಳ್ಳುತ್ತಿದೆ. ಹರೆಯದವರು ಬೆಂಗಳೂರಿಗೆ, ಪುಣೆಗೆ, ಮುಂಬಯಿಗೆ ಹೋಗುತ್ತಾರೆ. ಅಲ್ಲಿ ಒಂದಿಷ್ಟು ಬಿಡುಗಡೆ ಸಿಗುತ್ತದೆ, ಚೌಡಿಕೆ ಸಿಗುವುದಿಲ್ಲ.

ನನ್ನ ಮನಸ್ಸಿಗೆ ತೋಚುವುದು ಇಷ್ಟು. ಹೆಣ್ಣಾಗಿ ಬಾಳಬೇಕೆನ್ನುವ ಹುಡುಗನಿಗೆ ದೇವಿಯ ಅಪ್ಪಣೆ ಬೇಕಾಗಬಾರದು, ಮನೆಯವರ ಮಮತೆ ಸಾಕಾಗಬೇಕು. ಚೌಡಿಕೆ ಕಲಿಯಬೇಕೆನ್ನುವವರಿಗೆ ಮುತ್ತಿನ ಸರ ಬೇಕಾಗಬಾರದು, ಕಲಿಸುವ ಗುರು ಸಾಕಾಗಬೇಕು. ಆ ಗುರುಗಳು ಇನ್ನೂ ಬದುಕಿದ್ದಾರೆ. ವಯಸ್ಸಾಗಿದೆ, ಹಲ್ಲು ಬಿದ್ದಿವೆ, ಕಥೆ ಮಾತ್ರ ಪೂರ್ತಿ ನೆನಪಿದೆ. ಜಾನಪದ ಕಲಿಸುವ ನಮ್ಮ ಶಾಲೆ ಕಾಲೇಜುಗಳು ಅವರನ್ನು ಒಂದು ದಿನದ ಪ್ರದರ್ಶನಕ್ಕೆ ಕರೆದು ಶಾಲು ಹೊದಿಸಿ ಕಳಿಸುವುದನ್ನು ಬಿಟ್ಟು, ತಿಂಗಳ ಸಂಬಳದ ಮೇಲೆ ಕಲಿಸಲು ಕೂರಿಸಲಿ.

ಕರ್ನಾಟಕ ಸಂಗೀತದ ಗಾಯಕ ಟಿ.ಎಂ. ಕೃಷ್ಣ ಅವರು ಜೋಗತಿಯರೊಂದಿಗೆ ಒಂದೇ ವೇದಿಕೆಯಲ್ಲಿ ಕೂತು ಕಛೇರಿ ನಡೆಸಿದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಶಾಸ್ತ್ರೀಯ ಸಂಗೀತದ ಕೇಳುಗರು ಅಂದು ಚೌಡಿಕೆಯನ್ನು ಸಂಗೀತವೆಂದೇ ಕೇಳಬೇಕಾಯಿತು. ಲಿಂಗತ್ವ ಅಲ್ಪಸಂಖ್ಯಾತರೇ ಆದ ಎ. ರೇವತಿ ಅವರ ಆತ್ಮಕಥೆಯನ್ನು ದು. ಸರಸ್ವತಿ ಅವರು ‘ಬದುಕು ಬಯಲು’ ಎಂಬ ಹೆಸರಿನಲ್ಲಿ ಕನ್ನಡಕ್ಕೆ ತಂದರು. ಹೆಗ್ಗೋಡಿನ ಜನಮನದಾಟ ತಂಡ ಅದನ್ನು ನಾಟಕವಾಗಿ ಆಡಿ ಎಷ್ಟೋ ಊರುಗಳಿಗೆ ಒಯ್ದಿತು. ಇಂಥವು ನಡೆದಿವೆ, ಅದಕ್ಕಾಗಿ ನಾನು ಋಣಿ. ಇವು ನಡೆದದ್ದು ಯಾರದೋ ಒಬ್ಬಿಬ್ಬರ ಪ್ರೀತಿಯಿಂದ. ಆ ಪ್ರೀತಿ ವ್ಯವಸ್ಥೆಯಾಗಿ ನಿಲ್ಲಬೇಕು.

ಬಾನುಲಿ ಇದರಲ್ಲಿ ಮಾಡಬಹುದಾದ ಕೆಲಸ ಬಹಳ ಇದೆ. ಜಾನಪದ ಸಂಗೀತವೆಂದು ನಾವು ಹತ್ತು ನಿಮಿಷದ ತುಣುಕು ಬಿತ್ತರಿಸುತ್ತೇವೆ. ಯಲ್ಲಮ್ಮನ ಕಥೆ ರಾತ್ರಿಯಿಡೀ ಹಾಡುವಂಥದ್ದು. ಅದನ್ನು ಇಡಿಯಾಗಿ, ಹಾಡುವವರ ಊರಿಗೇ ಹೋಗಿ, ಅವರಿಗೆ ಒಗ್ಗಿದ ಅಂಗಳದಲ್ಲಿ ಧ್ವನಿಮುದ್ರಿಸಬೇಕು. ಹಾಡಿದವರ, ಶ್ರುತಿ ಹಿಡಿದವರ, ತಾಳ ಹಾಕಿದವರ ಹೆಸರನ್ನು ಅವರು ಹೇಳಿದ ಹಾಗೆಯೇ ಹೇಳಬೇಕು. ಸಂಗಡಿಗರು ಎಂದು ಒಂದೇ ಮಾತಿನಲ್ಲಿ ಮುಗಿಸಬಾರದು. ಆ ಮುದ್ರಿಕೆಯ ಒಂದು ಪ್ರತಿ ಹಾಡಿದವರ ಕೈಗೂ ಹೋಗಬೇಕು. ಮುಂದೆ ಮಾಸಾಶನದ ಅರ್ಜಿ ಹಾಕುವಾಗ ತಾನು ಕಲಾವಿದೆಯೆಂದು ತೋರಿಸಲು ಅವರ ಬಳಿ ಅಷ್ಟಾದರೂ ಇರುತ್ತದೆ.

ಬನದ ಹುಣ್ಣಿಮೆಗೋ ಭಾರತ ಹುಣ್ಣಿಮೆಗೋ ನಿಮ್ಮಲ್ಲಿ ಹಲವರು ಸವದತ್ತಿಯ ಗುಡ್ಡಕ್ಕೆ ಹೋಗುತ್ತೀರಿ. ಎತ್ತಿನ ಗಾಡಿ, ಲಾರಿ, ಟ್ರಾಕ್ಟರುಗಳು ನಿಂತ ಬಯಲಿನಲ್ಲಿ, ಒಲೆಗಳ ಹೊಗೆಯ ನಡುವೆ, ಗುಡಿಯಿಂದ ಬಹಳ ದೂರ, ಮೇಳಗಳು ಅಲ್ಲಲ್ಲಿ ಕೂತು ಹಾಡುತ್ತಿರುತ್ತವೆ. ದರ್ಶನ ಮುಗಿದ ಮೇಲೆ ಬಸ್ಸಿಗೆ ಅವಸರ ಮಾಡಬೇಡಿ. ಒಂದು ಮೇಳದ ಮುಂದೆ ನೆಲದ ಮೇಲೆ ಕೂರಿ. ಪದ ಮುಗಿಯುವತನಕ ಏಳಬೇಡಿ, ಫೋನು ಎತ್ತಿ ಹಿಡಿಯಬೇಡಿ. ಮುಗಿದ ಮೇಲೆ ಹಾಡಿದವರ ಹೆಸರು ಕೇಳಿ, ಯಾರ ಬಳಿ ಕಲಿತಿರಿ ಎಂದು ಕೇಳಿ. ಗುರುವಿನ ಹೆಸರು ಹೇಳುವ ಮುನ್ನ ಅವರು ಚೌಡಿಕೆಯನ್ನು ಕಣ್ಣಿಗೊತ್ತಿಕೊಳ್ಳುತ್ತಾರೆ. ಆಮೇಲೆ ಬಹಳ ಹೊತ್ತು ಮಾತಾಡುತ್ತಾರೆ.